ಅಬಿಡ್ಸಿನ ಬಾಕಿ

ಅಣ್ಣನ ಮಗಳು ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಅವಳ ಫೋನಿನಲ್ಲಿ ಆ ಊರಿನ ಹೋಟೆಲು, ಕೆಫೆ, ಬೇಕರಿಗಳ ಪಟ್ಟಿಯೊಂದಿದೆ. ತಿಂದು ಮುಗಿಸಿದ್ದಕ್ಕೆ ಹಸಿರು ಗುರುತು, ತಿನ್ನಬೇಕಾದದ್ದಕ್ಕೆ ಕೆಂಪು. ಇಷ್ಟು ಶಿಸ್ತಿನಿಂದ ಓದಿದ್ದರೆ ನಾನು ಎಂದೋ ಸಿ.ಎ. ಪಾಸಾಗಿರುತ್ತಿದ್ದೆ. ದೀಪಾವಳಿಗೆ ಕಲಬುರಗಿಗೆ ಬಂದವಳು ಆ ಪಟ್ಟಿಯನ್ನು ನನ್ನ ಕನ್ನಡಕದ ಮುಂದೆ ಹಿಡಿದು, ‘ಕಾಕಾ, ನೋಡ್ರಿ, ಅಬಿಡ್ಸಿನ್ಯಾಗಿಂದು ಒಂದೂ ಇಲ್ಲ ಇದರಾಗ. ನೀವು ಅಲ್ಲೇ ಇದ್ರೆಲ್ಲ? ಒಂದು ಹತ್ತು ಹೆಸರು ಹೇಳ್ರಿ’ ಎಂದಳು.

ಹತ್ತೇನು, ಇಪ್ಪತ್ತು ಹೇಳುತ್ತೇನೆಂದು ಬಾಯಿ ತೆರೆದೆ. ಹೆಸರು ಬರಲಿಲ್ಲ. ಮೊದಲನೆಯದು ಮುಚ್ಚಿಹೋಗಿದೆ. ಎರಡನೆಯದಕ್ಕೆ ಹೆಸರೇ ಇರಲಿಲ್ಲ, ಇದ್ದರೂ ಬೋರ್ಡು ಉರ್ದುವಿನಲ್ಲಿತ್ತು. ಮೂರನೆಯದರಲ್ಲಿ ನಾನು ಒಳಗೆ ಕೂತು ತಿಂದಿದ್ದೆನೋ, ಹೊರಗೆ ನಿಂತು ವಾಸನೆ ಕುಡಿದು ಬಂದಿದ್ದೆನೋ ಅದೇ ಗೊತ್ತಾಗಲಿಲ್ಲ. ಹೆಸರುಗಳೆಲ್ಲ ಮರೆತಿದ್ದವು, ರೇಟುಗಳು ಮಾತ್ರ ಬಾಯಿಪಾಠ.

ಅದಕ್ಕೆ ಕಾರಣವಿದೆ. 1981ರಲ್ಲಿ ಬಿ.ಕಾಂ. ಮುಗಿಸಿದ ನನ್ನನ್ನು ಅಪ್ಪ ಅಬಿಡ್ಸಿನ ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಆರ್ಟಿಕಲ್ ಕ್ಲರ್ಕ್ ಎಂದು ಸೇರಿಸಿದರು. ಜನರಲ್ ಪೋಸ್ಟ್ ಆಫೀಸಿನ ವೃತ್ತದಿಂದ ಎರಡು ನಿಮಿಷದ ದಾರಿ, ಮೂರನೆಯ ಮಹಡಿ, ಒಂದೇ ಫ್ಯಾನು, ಅದೂ ಸಾಹೇಬರ ತಲೆಯ ಮೇಲೆ. ಸ್ಟೈಪೆಂಡು ಎಂದು ಒಂದು ಮೊತ್ತ ಕೊಡುತ್ತಿದ್ದರು. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಸಮಾನವಾಗಿ ನಾಚಿಕೆಯಾಗುವಂಥ ಮೊತ್ತ. ಉಳಿದದ್ದನ್ನು ಅಪ್ಪ ಮನಿಯಾರ್ಡರ್ ಮಾಡುತ್ತಿದ್ದರು, ಒಂದು ಶರತ್ತಿನ ಮೇಲೆ: ಪ್ರತಿ ಪೈಸೆಯ ಖರ್ಚನ್ನೂ ವಹಿಯಲ್ಲಿ ಬರೆಯಬೇಕು, ಅವರು ಬಂದಾಗ ತೋರಿಸಬೇಕು. ಪರರ ಲೆಕ್ಕ ತಪಾಸಣೆ ಮಾಡಲು ಹೊರಟವನ ಲೆಕ್ಕ ಮೊದಲು ನೆಟ್ಟಗಿರಲಿ ಎಂಬ ಅವರ ವಾದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಕೆಂಪು ಬಟ್ಟೆಯ ರಟ್ಟಿನ ಆ ವಹಿ ಇನ್ನೂ ನಮ್ಮ ಅಟ್ಟದ ಟ್ರಂಕಿನಲ್ಲಿದೆ. ಕೆಳಗಿಳಿಸಿ ದೂಳು ಕೊಡವಿದೆ. ಮೊದಲ ಪುಟದಲ್ಲಿ ‘ಶ್ರೀ’, ಎರಡನೆಯ ಸಾಲಿನಲ್ಲಿ ‘ಚಹಾ, 40 ಪೈಸೆ’. ಮೂರನೆಯ ಸಾಲಿನಲ್ಲೂ ‘ಚಹಾ, 40 ಪೈಸೆ’. ಹುಡುಗಿ ಪುಟ ತಿರುವುತ್ತ ಹೋದಳು. ‘ಕಾಕಾ, ನೀವು ಹೈದರಾಬಾದಿನ್ಯಾಗ ಊಟ ಮಾಡಿದ್ದೇ ಇಲ್ಲೇನ್ರಿ?’ ಎಂದಳು.

ಅಬಿಡ್ಸ್ ಎಂಬ ಹೆಸರಿನ ಹಿಂದೆಯೇ ಒಂದು ಲೆಕ್ಕದ ಕಥೆಯಿದೆ. ನಮ್ಮ ಸಾಹೇಬರು ಪ್ರತಿ ಹೊಸ ಆರ್ಟಿಕಲ್ ಹುಡುಗನಿಗೂ ಅದನ್ನು ಮೊದಲ ದಿನವೇ ಹೇಳುತ್ತಿದ್ದರು. ಆಲ್ಬರ್ಟ್ ಅಬಿಡ್ ಎಂಬ ಅರ್ಮೇನಿಯದ ಮನುಷ್ಯ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಖಾಸಾ ಸೇವಕ. ಬಟ್ಟೆಬರೆ, ಗಡಿಯಾರ, ಪಾದರಕ್ಷೆ ಎಲ್ಲವೂ ಅವನ ಉಸ್ತುವಾರಿ. ಮಹಬೂಬ್ ಅಲಿಯವರೋ ಒಮ್ಮೆ ಉಟ್ಟದ್ದನ್ನು ಎರಡನೆಯ ಸಲ ಉಡುತ್ತಿರಲಿಲ್ಲವಂತೆ. ಪುರಾನಿ ಹವೇಲಿಯಲ್ಲಿರುವ ಅವರ ಬಟ್ಟೆ ಕಪಾಟಿನ ಉದ್ದ ನೋಡಿದರೆ ಹೌದಿರಬಹುದು ಎನ್ನಿಸುತ್ತದೆ. ಅಬಿಡ್ ಇಲ್ಲೊಂದು ದೊಡ್ಡ ಅಂಗಡಿ ತೆಗೆದ. ಅಂಗಡಿ ಹೋಯಿತು, ಅದಿದ್ದ ಜಾಗದಲ್ಲಿ ಪ್ಯಾಲೇಸ್ ಟಾಕೀಸು ಬಂತು, ಹೆಸರು ಮಾತ್ರ ಇಡೀ ಪೇಟೆಗೆ ಅಂಟಿಕೊಂಡಿತು. ಅರಮನೆಯಿಂದ ಬಿಟ್ಟ ಮಾಲು ಅವನ ಅಂಗಡಿಗೆ ಬಂದು, ತಿರುಗಿ ಅರಮನೆಗೇ ಮಾರಾಟವಾಗುತ್ತಿತ್ತು ಎಂದು ಹೇಳುವಾಗ ಸಾಹೇಬರ ಕಣ್ಣಲ್ಲಿ ಅಸೂಯೆಯ ಮಿಂಚೊಂದು ಹಾಯುತ್ತಿತ್ತು. ‘ಕ್ಲೋಸಿಂಗ್ ಸ್ಟಾಕು, ಓಪನಿಂಗ್ ಸ್ಟಾಕು ಎರಡೂ ಒಂದೇ ಶೇರ್ವಾನಿ! ಇಂಥ ಕ್ಲೈಂಟ್ ಸಿಗಬೇಕು ನೋಡ್ರಿ’ ಎಂದು ನಿಟ್ಟುಸಿರು ಬಿಡುತ್ತಿದ್ದರು. ಅವರಿಗೆ ಸಿಕ್ಕವರೆಲ್ಲ ಬೇಗಂ ಬಜಾರಿನ ಕಿರಾಣಿ ವರ್ತಕರು.

ನನ್ನ ವಾಸ ಕಾಚಿಗುಡದಲ್ಲಿ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇರುವ ಕಾಚಿಗುಡ ಎಂದರೆ ಹೈದರಾಬಾದಿನೊಳಗಿನ ನಮ್ಮ ಪುಟ್ಟ ಸೀಮೆ. 1956ರ ನವೆಂಬರ್ 1ರ ತನಕ ಬೀದರ, ಗುಲಬರ್ಗಾ, ರಾಯಚೂರು ಮೂರೂ ಜಿಲ್ಲೆಗೆ ಹೈದರಾಬಾದೇ ರಾಜಧಾನಿ. ಕೋರ್ಟು ಅಲ್ಲಿ, ದವಾಖಾನೆ ಅಲ್ಲಿ, ಕಾಲೇಜು ಅಲ್ಲಿ. ರಾಜ್ಯ ಬೇರೆಯಾದ ಮೇಲೂ ನಮ್ಮವರ ಕಾಲು ಬೆಂಗಳೂರಿನ ಕಡೆ ತಿರುಗಲು ಬಹಳ ವರ್ಷ ಹಿಡಿಯಿತು. ಅಪ್ಪನಂತೂ ಉರ್ದು ಮಾಧ್ಯಮದಲ್ಲಿ ಓದಿದವರು, ಲೆಕ್ಕವನ್ನು ಕೊನೆಯ ತನಕ ಉರ್ದುವಿನಲ್ಲೇ ಗುಣಿಸುತ್ತಿದ್ದರು. ನಿಜಾಮನ 7 ಹಾಲಿ ರೂಪಾಯಿಗೆ ಬ್ರಿಟಿಷರ 6 ಕಲ್ದಾರ ರೂಪಾಯಿ ಎಂಬ ಆ ಕಾಲದ ವಿನಿಮಯ ದರವನ್ನು ಮರೆಯುವ ಮನಸ್ಸು ಅವರಿಗೆ ಬರಲೇ ಇಲ್ಲ. ಏನನ್ನಾದರೂ ತುಟ್ಟಿ ಎನ್ನುವ ಮೊದಲು ಒಮ್ಮೆ ಹಾಲಿಗೆ ತಿರುಗಿಸಿ ನೋಡುತ್ತಿದ್ದರು. ಆಮೇಲೆ ಅದು ಇನ್ನೂ ತುಟ್ಟಿಯಾಗಿ ಕಾಣುತ್ತಿತ್ತು.

ಕಾಚಿಗುಡದಿಂದ ಬಡೀಚೌಡಿ, ಕೋಠಿ, ಬ್ಯಾಂಕ್ ಸ್ಟ್ರೀಟ್ ಹಾದು ಅಬಿಡ್ಸಿಗೆ ನಡೆದೇ ಹೋಗುತ್ತಿದ್ದೆ. ಬಸ್ಸಿನ ದುಡ್ಡು ಉಳಿದರೆ ಅದೇ ಒಂದು ಚಹಾ. ಈ ದಾರಿಯಲ್ಲಿ ಎಷ್ಟು ಹೋಟೆಲುಗಳಿದ್ದವೆಂದರೆ, ಬೆಳಿಗ್ಗೆ ಒಂಬತ್ತಕ್ಕೆ ಅಷ್ಟನ್ನೂ ದಾಟಿ ಆಫೀಸು ಸೇರುವುದೇ ಒಂದು ವ್ರತ.

ಮೊದಲ ತಿಂಗಳ ಸ್ಟೈಪೆಂಡು ಕೈಗೆ ಬಂದ ದಿನ ಕಿಂಗ್ ಕೋಠಿ ರಸ್ತೆಯ ತಾಜ್ ಮಹಲ್ ಹೋಟೆಲಿಗೆ ಹೋದೆ. 1948ರಿಂದ ಇರುವ, ಉಡುಪಿಯ ಕಡೆಯಿಂದ ಬಂದವರು ಕಟ್ಟಿದ ಹೋಟೆಲು. ಇಸವಿ ನೋಡಿರಿ, ನಮ್ಮ ಸೀಮೆಯಲ್ಲಿ ರಜಾಕಾರರ ಹಾವಳಿ, ಪೊಲೀಸ್ ಕಾರ್ಯಾಚರಣೆ, ನಿಜಾಮನ ಶರಣಾಗತಿ ಎಲ್ಲ ನಡೆದ ಇಸವಿ. ರಾಜ್ಯವೇ ಕೈ ಬದಲಾಗುತ್ತಿದ್ದ ಹೊತ್ತಿನಲ್ಲಿ ಇಡ್ಲಿಗೆ ಅಕ್ಕಿ ನೆನೆಹಾಕುವ ಧೈರ್ಯ ಉಡುಪಿಯವರಿಗೆ ಮಾತ್ರ ಇರಲು ಸಾಧ್ಯ. ಆ ದಿನ ತಿಂದ ಊಟದ ಸಂಭ್ರಮದಲ್ಲಿ ಮನೆಗೊಂದು ಕಾರ್ಡು ಬರೆದೆ: ‘ಇಂದು ತಾಜ್ ಮಹಲಿನಲ್ಲಿ ಊಟ ಮಾಡಿದೆನು.’ ಅವ್ವ ಅದನ್ನು ಓಣಿಯವರಿಂದ ಓದಿಸಿಕೊಂಡಳು. ಮಗ ಒಂದೇ ತಿಂಗಳಿಗೆ ಆಗ್ರಾ ಮುಟ್ಟಿದ ಎಂದು ಎಲ್ಲರಿಗೂ ಸಕ್ಕರೆ ಹಂಚಿದಳಂತೆ. ಹೈದರಾಬಾದನ್ನು ಬಲ್ಲ ಅಪ್ಪ ಮಾತ್ರ ಮರುಟಪಾಲಿನಲ್ಲಿ ಒಂದೇ ಸಾಲು ಬರೆದರು: ‘ಊಟದ ರೇಟು ಎಷ್ಟು? ವಹಿಯಲ್ಲಿ ಏರಿಸಿದಿಯಾ?’

ಏರಿಸಿದ್ದೆ. ಅದರ ಮುಂದಿನ ಒಂದು ವಾರ ವಹಿಯಲ್ಲಿ ಊಟದ ಕಲಮೇ ಇಲ್ಲ.

ಆ ಊರಿನಲ್ಲಿ ನನಗೆ ಹೊಟ್ಟೆಯ ಹಸಿವಿಗಿಂತ ಕಿವಿಯ ಹಸಿವು ಜಾಸ್ತಿಯಿತ್ತು. ಆಫೀಸಿನಲ್ಲಿ ತೆಲುಗು, ಬೀದಿಯಲ್ಲಿ ದಖನಿ, ಕಾಗದದಲ್ಲಿ ಇಂಗ್ಲಿಷು. ಉಡುಪಿ ಹೋಟೆಲು ಎಂಬ ಬೋರ್ಡು ಕಂಡರೆ ಅಲ್ಲಿ ಇಡ್ಲಿಯ ಜೊತೆ ಎರಡು ಕನ್ನಡ ಮಾತೂ ಸಿಕ್ಕೀತೆಂದು ನುಗ್ಗುತ್ತಿದ್ದೆ. ಅಂಥ ಒಂದು ಸಣ್ಣ ಹೋಟೆಲಿನ ಗಲ್ಲೆಯ ಮೇಲೆ ಹಣೆಗೆ ಗಂಧವಿಟ್ಟ ಹಿರಿಯರೊಬ್ಬರು ಕೂತಿದ್ದರು. ‘ನೀವು ಕನ್ನಡದವರೇನ್ರಿ?’ ಎಂದೆ. ‘ಹೌದು ಮಾರಾಯ್ರೆ, ಎಂತ ಬೇಕಿತ್ತು?’ ಎಂದರು. ನನಗೆ ಕಣ್ಣು ತುಂಬಿ ಬಂತು. ಊರಿಗೇ ಬಂದಷ್ಟು ಸಲಿಗೆಯಿಂದ, ‘ಒಂದೀಟು ಉಳ್ಳಾಗಡ್ಡಿ ಕೊಡಸ್ರಿ’ ಎಂದೆ.

‘ಉಳ್ಳ... ಎಂತದ್ದು?’

‘ಉಳ್ಳಾಗಡ್ಡಿ ರೀ. ಹಸೇದು. ಊಟಕ್ಕ ಕಡ್ಕೊಳ್ಳಾಕ.’

ಅವರು ಯೋಚಿಸಿದರು. ‘ಗೆಡ್ಡೆಯಾ? ಸುವರ್ಣಗೆಡ್ಡೆಯಾ? ಹಸಿ ತಿಂದರೆ ತುರಿಸ್ತದೆ ಮಾರಾಯ್ರೆ.’

‘ಅಲ್ರಿ, ಕೊಯ್ದರ ಕಣ್ಣೀರು ಬರ್ತದಲ್ರಿ, ಅದು.’

‘ಓ, ನೀರುಳ್ಳಿಯಾ?’

ನೀರುಳ್ಳಿ ಎಂದರೆ ನೀರಿನಲ್ಲಿ ಬೆಳೆಯುವ ಯಾವುದೋ ಸೊಪ್ಪು ಎಂದುಕೊಂಡು ನಾನು ಬೇಡವೆಂದು ತಲೆಯಾಡಿಸಿದೆ. ಕೊನೆಗೆ ಇಬ್ಬರಿಗೂ ಸಾಕಾಗಿ ಅವರೇ ಕೇಳಿದರು: ‘ಪ್ಯಾಜ್?’ ‘ಹಾಂ ಜೀ, ಪ್ಯಾಜ್!’ ಎಂದೆ. ಇಬ್ಬರ ಮುಖವೂ ಅರಳಿತು. ಅಂದಿನಿಂದ ನಾವಿಬ್ಬರು ಕನ್ನಡಿಗರು ಪರಸ್ಪರ ಬಹಳ ಗೌರವದಿಂದ ಉರ್ದುವಿನಲ್ಲೇ ಮಾತಾಡಿಕೊಂಡೆವು. ಮನೆಯವರೊಡನೆ ಅವರು ಆಡುತ್ತಿದ್ದದ್ದು ತುಳು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ.

ಸಾಂಬಾರಿನ ವಿಷಯದಲ್ಲಿ ಮಾತ್ರ ಯಾವ ಭಾಷೆಯಲ್ಲೂ ರಾಜಿಯಾಗಲಿಲ್ಲ. ಖಾರ ಬ್ಯಾಳಿಯ ಸೀಮೆಯವನಿಗೆ ಬೆಲ್ಲ ಬಿದ್ದ ಸಾಂಬಾರು ಎಂದರೆ ಪಾನಕ. ಇದನ್ನು ಉಡುಪಿಯವರ ಮುಂದೆ ಹೇಳಬಾರದು, ಬರೆಯಬಹುದು.

ಇನ್ನು ಇರಾನಿ ಹೋಟೆಲು. ಇದರ ಬಗ್ಗೆ ನಿಧಾನವಾಗಿ ಬರೆಯಬೇಕು, ಯಾಕೆಂದರೆ ಅಲ್ಲಿ ಯಾವುದೂ ಅವಸರದಲ್ಲಿ ನಡೆಯುತ್ತಿರಲಿಲ್ಲ. ಉಡುಪಿ ಹೋಟೆಲಿನಲ್ಲಿ ಕೊನೆಯ ತುತ್ತು ಗಂಟಲಲ್ಲಿ ಇರುವಾಗಲೇ ಮುಂದಿನ ಗಿರಾಕಿ ನಿಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾನೆ. ಇರಾನಿಯಲ್ಲಿ ಒಂದು ಚಹಾಕ್ಕೆ ಒಂದು ಮಧ್ಯಾಹ್ನವನ್ನು ಉಚಿತವಾಗಿ ಕೊಡುತ್ತಿದ್ದರು. ಮೂಲೆ ಅಂಗಡಿ, ಎರಡು ಬೀದಿಗೂ ಬಾಗಿಲು, ಅಮೃತಶಿಲೆಯ ಹಾಸಿನ ಮೇಜು, ಬೆತ್ತ ಬಗ್ಗಿಸಿದಂಥ ಬೆನ್ನಿನ ಕುರ್ಚಿ, ಗೋಡೆ ತುಂಬ ಕನ್ನಡಿ. ಎದುರು ಕೂತವನನ್ನು ನೋಡಬೇಕಿಲ್ಲ, ಹಿಂದೆ ಕೂತವನನ್ನು ಕನ್ನಡಿಯಲ್ಲಿ ನೋಡುತ್ತ ಕೂರಬಹುದು. ಅಬಿಡ್ಸಿನ ಓರಿಯಂಟ್ ಹೋಟೆಲಿನಲ್ಲಿ ಮಖ್ದೂಮ್ ಮೊಹಿಯುದ್ದೀನರಂಥ ಕವಿಗಳು, ಪತ್ರಕರ್ತರು, ಕಮ್ಯುನಿಸ್ಟರು ಇಡೀ ದಿನ ಕೂತು ಜಗತ್ತನ್ನು ರಿಪೇರಿ ಮಾಡುತ್ತಿದ್ದ ಕಥೆಯನ್ನು ಸಾಹೇಬರು ಹೇಳುತ್ತಿದ್ದರು. ನಾನು ಹೋಗುತ್ತಿದ್ದದ್ದು ಅಷ್ಟು ಪ್ರಸಿದ್ಧವಲ್ಲದ, ಜಗತ್ತಿನ ಬದಲು ಸ್ಕೂಟರ್ ರಿಪೇರಿ ಮಾಡುವವರು ಬಂದು ಕೂರುವ ಒಂದು ಹೋಟೆಲಿಗೆ.

ಅಲ್ಲಿಯ ಚಹಾ ನಮ್ಮ ಮನೆಯ ಚಹಾದಂತೆ ಒಂದೇ ಪಾತ್ರೆಯಲ್ಲಿ ಹುಟ್ಟುವುದಿಲ್ಲ. ಡಿಕಾಕ್ಷನ್ನು ಒಂದು ಕಡೆ, ಮುಚ್ಚಳ ಬಿಗಿದ ತಾಮ್ರದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ಕುದಿಯುತ್ತಿರುತ್ತದೆ. ಹಾಲು ಇನ್ನೊಂದು ಕಡೆ, ತಾನು ಹಾಲೆಂಬುದನ್ನು ಮರೆತು ಖವಾ ಆಗುವ ದಾರಿಯಲ್ಲಿ ಅರ್ಧಕ್ಕೆ ಬಂದಿರುತ್ತದೆ. ಎರಡೂ ಕೂಡುವುದು ಕಪ್ಪಿನಲ್ಲೇ. ಕಪ್ಪು ದಪ್ಪ, ಬಸಿ ಅದಕ್ಕಿಂತ ದಪ್ಪ, ಒಂದಿಷ್ಟು ಚಹಾ ಬಸಿಗೆ ಚೆಲ್ಲಿಯೇ ಬರಬೇಕು, ಇಲ್ಲದಿದ್ದರೆ ಜಿಪುಣತನ ಮಾಡಿದಂತೆ. ಜೊತೆಗೆ ಉಸ್ಮಾನಿಯಾ ಬಿಸ್ಕೀಟು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು ಇಷ್ಟು ಬಾಯಿಗಳಲ್ಲಿ ಕರಗಿದ್ದು ಈ ಬಿಸ್ಕೀಟಿನಿಂದಲೇ. ಉಸ್ಮಾನಿಯಾ ಆಸ್ಪತ್ರೆಯ ರೋಗಿಗಳಿಗೆಂದು ಮಾಡಿಸಿದ್ದು ಎನ್ನುವವರೂ ಇದ್ದಾರೆ. ಹಾಗಿದ್ದರೆ ಆ ಕಾಲದ ರೋಗಿಗಳು ಪುಣ್ಯವಂತರು. ಮೊದಲು ಉಪ್ಪು ಅನ್ನಿಸಿ, ಆಮೇಲೆ ಸಿಹಿ ಅನ್ನಿಸಿ, ಏನೆಂದು ತೀರ್ಮಾನಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ತೀರ್ಮಾನಕ್ಕೆ ಇನ್ನೊಂದು ಬೇಕಾಗುತ್ತದೆ. ಚಹಾದಲ್ಲಿ ಅದ್ದಿದರೆ ಎರಡು ಎಣಿಸುವುದರೊಳಗೆ ಬಾಯಿಗೆ ಹಾಕಿಕೊಳ್ಳಬೇಕು, ಮೂರು ಎಂದರೆ ಅದು ಕಪ್ಪಿನ ತಳದಲ್ಲಿ. ಚಮಚ ಕೇಳಲು ನಾಚಿಕೆಪಟ್ಟು ಬೆರಳಿನಿಂದ ತೆಗೆದು ತಿಂದವರ ಸಂಘವೊಂದು ಹೈದರಾಬಾದಿನಲ್ಲಿ ಇರಬೇಕಿತ್ತು, ನಾನು ಆಜೀವ ಸದಸ್ಯನಾಗುತ್ತಿದ್ದೆ.

ಒಂದು ಸಂಜೆ ಆ ಹೋಟೆಲಿನ ಮೂಲೆಯಲ್ಲಿ ಯಾವನೋ ಕಿರಾಣಿಯವನ ಟ್ರಯಲ್ ಬ್ಯಾಲೆನ್ಸು ಹರವಿಕೊಂಡು ಕೂತಿದ್ದೆ. ಮೂರು ರೂಪಾಯಿ ತಾಳೆಯಾಗುತ್ತಿಲ್ಲ. ನಾಲ್ಕು ಸಲ ಕೂಡಿದೆ, ನಾಲ್ಕು ಸಲವೂ ಮೂರು ರೂಪಾಯಿ ಕಡಿಮೆ. ‘ಎಲ್ಲಿ ಹೋದ್ವಪ್ಪ ಈ ಮೂರು ರೂಪಾಯಿ’ ಎಂದು ಗೊಣಗಿದೆ. ಚಹಾ ತಂದಿಟ್ಟ ವೇಟರು ಹಾಗೇ ಬಗ್ಗಿ ಮೇಜಿನ ಕೆಳಗೆ ನೋಡತೊಡಗಿದರು. ‘ಎಲ್ಲಿ ಬಿದ್ದಾವ ತಮ್ಮಾ? ನೋಟೇನು, ಚಿಲ್ಲರೇನು?’

ಕನ್ನಡ! ಅದೂ ನನ್ನದೇ ಕನ್ನಡ, ಉಳ್ಳಾಗಡ್ಡಿಯ ಕನ್ನಡ. ಐವತ್ತು ದಾಟಿದ, ಹೆಗಲ ಮೇಲೆ ಮಾಸಿದ ಟವೆಲ್ಲಿನ ಆ ಮನುಷ್ಯನನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾನೂ ತಿಂಗಳುಗಟ್ಟಲೆ ಉರ್ದುವಿನಲ್ಲೇ ಚಹಾ ಕೇಳಿದ್ದೆ. ಅವರ ಊರು ಬೀದರ ಜಿಲ್ಲೆಯ ಹುಮನಾಬಾದು. ‘ಮದಲೇ ಯಾಕ ಹೇಳಿಲ್ರಿ ಚಾಚಾ?’ ಎಂದರೆ, ‘ನೀ ಯಾನ್ ಕೇಳಿದ್ದಿ?’ ಎಂದರು. ಉಡುಪಿ ಹೋಟೆಲುಗಳಲ್ಲಿ ನಾನು ಹುಡುಕಿ ಸೋತ ಕನ್ನಡ, ಇರಾನಿನ ಯಜ್ದ್ ಕಡೆಯವರು ನಡೆಸುವ ಹೋಟೆಲಿನಲ್ಲಿ ನನ್ನ ಮೇಜಿಗೇ ಚಹಾ ತಂದಿಡುತ್ತಿತ್ತು.

ಆಮೇಲೆ ನನ್ನ ವಹಿಯ ಚಹಾ ಕಲಮುಗಳು ಒಂದೇ ಸಮನೆ ಏರಿದವು. ಚಾಚಾ ಹುಮನಾಬಾದಿನ ವೀರಭದ್ರದೇವರ ಜಾತ್ರೆಯ ಸುದ್ದಿ ಹೇಳುವರು, ಜೋಳದ ರೊಟ್ಟಿಯ ಸುದ್ದಿ ತೆಗೆದು ಇಬ್ಬರೂ ಸುಮ್ಮನಾಗುವೆವು. ಅಷ್ಟರಲ್ಲಿ ಯಾರೋ ‘ಏಕ್ ಮೇ ದೋ’ ಎಂದು ಕೂಗಿದರೆ, ಒಂದು ಚಹಾವನ್ನು ಇಬ್ಬರಿಗೆ ಹಂಚಲು ಓಡುವರು.

ಆ ಹೋಟೆಲುಗಳಲ್ಲಿ ಬಿಲ್ಲು ಎಂಬ ಕಾಗದವಿರಲಿಲ್ಲ. ಗಿರಾಕಿ ಎದ್ದು ಗಲ್ಲೆಯ ಕಡೆ ನಡೆದರೆ ವೇಟರು ಎಲ್ಲಿದ್ದಲ್ಲಿಂದಲೇ ಮೊತ್ತವನ್ನು ಕೂಗುತ್ತಿದ್ದ. ಹೆಸರು ಗೊತ್ತಿರುವುದಿಲ್ಲವಲ್ಲ, ಆಕಾರ ಹಿಡಿದು ಕೂಗುವುದು: ‘ಟೋಪಿವಾಲೇ, ದೇಢ್ ರುಪಯಾ!’, ‘ಲಂಬೇ ಸಾಬ್, ಸಾಠ್ ಪೈಸೇ!’ ಇಡೀ ಹೋಟೆಲಿಗೆ ನೀವು ಯಾರು, ನಿಮ್ಮ ಹಸಿವಿನ ಬೆಲೆ ಎಷ್ಟು ಎಂಬುದು ಒಟ್ಟಿಗೇ ಗೊತ್ತಾಗುತ್ತಿತ್ತು. ನಾನು ‘ಚಷ್ಮೇವಾಲೇ, ಚಾಲೀಸ್ ಪೈಸೇ!’ ತಿಂಗಳ ಕೊನೆಯ ವಾರ ಕಿಸೆಯಲ್ಲಿ ಏನೂ ಇಲ್ಲದ ದಿನ ನಾನು ಬರೀ ಕೂರಲು ಹೋಗುತ್ತಿದ್ದೆ. ಕೇಳದೆಯೇ ಚಹಾ ಬರುತ್ತಿತ್ತು. ಎದ್ದು ಗಲ್ಲೆಯ ಹತ್ತಿರ ಬಂದಾಗ ಹಿಂದಿನಿಂದ ಯಾವ ಕೂಗೂ ಬರುತ್ತಿರಲಿಲ್ಲ. ತಿರುಗಿ ನೋಡಿದರೆ ಚಾಚಾ ಬೇರೆ ಯಾವುದೋ ಮೇಜು ಒರೆಸುತ್ತಿರುತ್ತಿದ್ದರು. ಅವರು ಕೂಗದಿದ್ದರೆ ಆ ಚಹಾ ಅವರ ಪಗಾರಿಗೆ ಬಿತ್ತೆಂದು ಅರ್ಥ.

ಹುಡುಗಿಗೆ ಇದನ್ನೆಲ್ಲ ಹೇಳುತ್ತ ಹೋದರೆ ಅವಳು, ‘ಚಂದ ಅದರಿ ಕಾಕಾ, ಆದ್ರ ಲೊಕೇಶನ್ ಹೇಳ್ರಿ’ ಎಂದಳು.

ಸರಿ, ಲೊಕೇಶನ್ನು ಇರುವಂಥವು. ಮೊಅಜ್ಜಮ್ ಜಾಹಿ ಮಾರ್ಕೆಟ್ಟು, ಏಳನೆಯ ನಿಜಾಮನ ಎರಡನೆಯ ಮಗನ ಹೆಸರಿನ, 1935ರ ಕಲ್ಲುಕಟ್ಟಡ, ನೆತ್ತಿಯ ಮೇಲೆ ಗಡಿಯಾರದ ಗೋಪುರ. ಅದರ ಅಂಗಳದಲ್ಲಿ ಫೇಮಸ್ ಐಸ್‌ಕ್ರೀಮು. ಸೀತಾಫಲದ ಕಾಲದಲ್ಲಿ ಸೀತಾಫಲ, ಮಾವಿನ ಕಾಲದಲ್ಲಿ ಮಾವು. ನನ್ನ ವಹಿಯಲ್ಲಿ ಮೂರು ವರ್ಷಕ್ಕೆ ನಾಲ್ಕು ಸಲ ಮಾತ್ರ ಇದೆ, ಅದರಲ್ಲಿ ಎರಡು ಸಲ ಬೇರೆಯವರು ಕೊಡಿಸಿದ್ದು. ಅದೇ ಮಾರ್ಕೆಟ್ಟಿನ ಬಳಿ ಕರಾಚಿ ಬೇಕರಿ. ದೇಶವಿಭಜನೆಯಲ್ಲಿ ಸಿಂಧ್ ಬಿಟ್ಟು ಬಂದ ಖಾನ್‌ಚಂದ್ ರಾಮನಾನಿ 1953ರಲ್ಲಿ ತೆರೆದದ್ದು. ಬಿಟ್ಟು ಬಂದ ಊರಿನ ಹೆಸರನ್ನೇ ಅಂಗಡಿಗೆ ಇಟ್ಟುಕೊಂಡರು. ಆ ಹೆಸರಿನ ಮೇಲೆ 2019ರಲ್ಲಿ ಬೆಂಗಳೂರಿನ ಇಂದಿರಾನಗರದ ಶಾಖೆಯಲ್ಲಿ ಬಟ್ಟೆ ಮುಚ್ಚಬೇಕಾಗಿ ಬಂತು ಎಂದು ಪೇಪರಿನಲ್ಲಿ ಓದಿದಾಗ, ಅವ್ವ ಖಾಲಿ ಬಿಸ್ಕೀಟಿನ ಡಬ್ಬಿಗಳಲ್ಲಿ ಸಾಸಿವೆ, ಜೀರಿಗೆ ತುಂಬಿಡುತ್ತಿದ್ದದ್ದು ನೆನಪಾಯಿತು. ಕಲಬುರಗಿಯ ಅರ್ಧ ಮನೆಗಳ ಒಗ್ಗರಣೆ ಸಾಮಾನು ಕರಾಚಿಯಲ್ಲೇ ಇರುತ್ತಿತ್ತು. ಹೈದರಾಬಾದಿಗೆ ಹೋದವನು ಆ ಹಣ್ಣಿನ ಬಿಸ್ಕೀಟು ತರದೆ ವಾಪಸು ಬಂದರೆ, ಇವನು ನಿಜಕ್ಕೂ ಹೋಗಿದ್ದನೇ ಎಂದು ಸಂಶಯಪಡುತ್ತಿದ್ದರು.

ಬಿರಿಯಾನಿ? ಎಂದಳು.

ಬಿರಿಯಾನಿ ವಹಿಯಲ್ಲಿ ಇಲ್ಲ. ಇದ್ದರೂ ಬೇರೆ ವೇಷದಲ್ಲಿದೆ. ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಅಬಿಡ್ಸಿನ ಗ್ರ್ಯಾಂಡ್ ಹೋಟೆಲಿನ ಬಿರಿಯಾನಿಯ ಪರಿಮಳ ಮಧ್ಯಾಹ್ನ ಒಂದು ಗಂಟೆಗೆ ಬೀದಿಗೆ ಇಳಿದು ಬಂದು, ಆರ್ಟಿಕಲ್ ಹುಡುಗರ ಕಾಲರು ಹಿಡಿದು ಒಳಗೆಳೆಯುತ್ತಿತ್ತು. ಒಂದು ದಿನ ನಾನು ಹೋದೆ. ಸಂಜೆ ವಹಿ ತೆರೆದು ಬಹಳ ಹೊತ್ತು ಯೋಚಿಸಿ, ‘ಪುಸ್ತಕ’ ಎಂದು ಬರೆದೆ. ಆದಿತ್ಯವಾರ ಅಬಿಡ್ಸಿನ ಅಂಗಡಿಗಳು ಮುಚ್ಚಿದಾಗ ಆ ಫುಟ್‌ಪಾತಿನುದ್ದಕ್ಕೂ ಹಳೆಯ ಪುಸ್ತಕಗಳ ಸಂತೆ ನೆರೆಯುತ್ತದೆ, ಆದ್ದರಿಂದ ಪುಸ್ತಕದ ಖರ್ಚು ನಂಬುವಂಥದ್ದೇ. ಮುಂದಿನ ತಿಂಗಳು ಇನ್ನೊಂದು ಪುಸ್ತಕ. ವರ್ಷ ತುಂಬುವಷ್ಟರಲ್ಲಿ ನಾನು ಒಂಬತ್ತು ಪುಸ್ತಕ ಓದಿದ್ದೆ.

ಅಪ್ಪ ಬಂದರು. ಗೌಳಿಗುಡದ ಆ ದೊಡ್ಡ ತಗಡಿನ ಗುಮ್ಮಟದಂಥ ಬಸ್ ಸ್ಟ್ಯಾಂಡಿನಲ್ಲಿ ಇಳಿದು (2018ರಲ್ಲಿ ಅದು ಒಂದು ಬೆಳಿಗ್ಗೆ ತಾನಾಗಿ ಕುಸಿದು ಕೂತಿತು), ಕೋಣೆಗೆ ಬಂದು, ಕೈಕಾಲು ತೊಳೆದು, ವಹಿ ಎಂದರು. ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತ ಹೋಗಿ ‘ಪುಸ್ತಕ’ದ ಮೇಲೆ ನಿಂತಿತು. ಎಲ್ಲ ಪುಸ್ತಕಗಳಿಗೂ ಒಂದೇ ಬೆಲೆ. ಫುಟ್‌ಪಾತಿನಲ್ಲಿ ಹಾಗಾಗುವುದಿಲ್ಲ, ಸುಳ್ಳು ಲೆಕ್ಕ ಬರೆಯುವುದಕ್ಕೂ ಕಲಿಕೆ ಬೇಕು. ಕನ್ನಡಕ ತೆಗೆದು ನನ್ನನ್ನು ನೋಡಿದರು.

‘ಈ ಪುಸ್ತಕದಾಗ ಎಲುಬು ಇದ್ವೇನು?’

ನಾನು ನೆಲ ನೋಡಿದೆ. ಅಪ್ಪ ಪುಟ ತಿರುವಿದರು. ಸ್ವಲ್ಪ ಹೊತ್ತಿನ ಮೇಲೆ, ತಲೆಯೆತ್ತದೆ, ‘ನಾ ಇಲ್ಲಿ ಓದುವಾಗ ಇದಕ್ಕ ಪಾವಣಿ ಸಸ್ತಾ ಇತ್ತು, ಹಾಲಿ ರೂಪಾಯಿದಾಗ’ ಎಂದರು. ನಂತರ ಪೆನ್ನು ತೆಗೆದುಕೊಂಡು ವಹಿಯ ಕೆಳಗೆ ‘ತಪಾಸಣೆ ಮಾಡಲಾಗಿದೆ, ಸರಿಯಾಗಿದೆ’ ಎಂದು ಉರ್ದುವಿನಲ್ಲಿ ಸಹಿ ಹಾಕಿದರು. ಅವ್ವನಿಗೆ ಉರ್ದು ಬರುತ್ತಿರಲಿಲ್ಲ.

ಸಿ.ಎ. ಫೈನಲ್ಲಿನ ಒಂದು ಗ್ರೂಪು ನನ್ನನ್ನು ಎರಡು ಸಲ ಹಿಂದಕ್ಕೆ ಕಳಿಸಿತು. ಎರಡನೆಯ ಸಲ ಫಲಿತಾಂಶ ಬಂದ ಮರುದಿನವೇ ಟ್ರಂಕು ಕಟ್ಟಿಕೊಂಡು ನಾಂಪಲ್ಲಿಯಲ್ಲಿ ರೈಲು ಹತ್ತಿದೆ. ಯಾರಿಗೂ ಹೇಳಲಿಲ್ಲ, ಮುಖ ತೋರಿಸಲು ಮನಸ್ಸಿರಲಿಲ್ಲ. ವಾಡಿಯಲ್ಲಿ ರೈಲು ನಿಂತಾಗ ವಹಿ ಮುಗಿಸೋಣವೆಂದು ತೆಗೆದೆ. ಕೊನೆಯ ಪುಟದಲ್ಲಿ ಆಗ ಬರೆದದ್ದು ಈಗಲೂ ಇದೆ: ‘ಚಾಚಾ, ಚಹಾ 7, ಬಾಕಿ ರೂ. 2.80.’ ಊರಿಗೆ ಬಂದು ಒಂದು ದಾಲ್ ಮಿಲ್ಲಿನ ಲೆಕ್ಕಕ್ಕೆ ಕೂತೆ. ತೊಗರಿ ಬೇಳೆಯ ದೂಳಿನಲ್ಲಿ ಮೂವತ್ತೈದು ವರ್ಷ ಎಲ್ಲರ ಬಾಕಿಯನ್ನೂ ಪೈಸೆಗೆ ಪೈಸೆ ತಾಳೆ ಮಾಡಿದೆ. ಹೈದರಾಬಾದಿಗೆ ಹೋದಾಗಲೆಲ್ಲ ಮದುವೆಯೋ ಆಸ್ಪತ್ರೆಯೋ, ಅಬಿಡ್ಸಿಗೆ ಮುಂದಿನ ಸಲ ಎಂದುಕೊಂಡೆ.

ಅಂತೂ ಮೊನ್ನೆ ಒಂದು ಆದಿತ್ಯವಾರ ಹುಡುಗಿಯೇ ಎಳೆದುಕೊಂಡು ಹೋದಳು. ಮೆಟ್ರೊದಲ್ಲಿ ನಾಂಪಲ್ಲಿಗೆ ಬಂದು ಇಳಿದು ನಡೆದೆವು. ಫುಟ್‌ಪಾತಿನ ಮೇಲೆ ಪುಸ್ತಕಗಳಿದ್ದವು. ಎಂಜಿನಿಯರಿಂಗ್ ಗೈಡುಗಳ ರಾಶಿಯ ಅಡಿಯಲ್ಲಿ ನಾನು ಫೇಲಾದ ವಿಷಯದ ಪುಸ್ತಕವೊಂದು ಕಂಡಿತು, ನಾವಿಬ್ಬರೂ ಪರಿಚಯವಿಲ್ಲದವರಂತೆ ಇದ್ದೆವು. ನೆಹರೂ ಪ್ರತಿಮೆ ಇತ್ತು. ತಾಜ್ ಮಹಲ್ ಇತ್ತು, ಒಳಗೆ ಜಾಗಕ್ಕಾಗಿ ಜನ ಕಾಯುತ್ತಿದ್ದರು, ನಾವೂ ಕಾದು ದೋಸೆ ತಿಂದೆವು. ಹುಡುಗಿ ತಿನ್ನುವ ಮೊದಲು ಫೋಟೊ ತೆಗೆದಳು. ‘ಅವ್ವಗ ಕಳಸ್ತೀನ್ರಿ, ತಾಜ್ ಮಹಲಿನ್ಯಾಗ ದ್ವಾಶಿ ತಿಂದೆ ಅಂತ’ ಎಂದು ನಕ್ಕಳು.

ಆ ಮೂಲೆಯಲ್ಲಿ ನನ್ನ ಇರಾನಿ ಹೋಟೆಲು ಇರಲಿಲ್ಲ. ಇರುವುದಿಲ್ಲವೆಂದು ಗೊತ್ತಿತ್ತು. ಚಪ್ಪಲಿ ಅಂಗಡಿ, ಆದಿತ್ಯವಾರವಾದ್ದರಿಂದ ಷಟರು ಎಳೆದಿತ್ತು. ಎರಡು ಬೀದಿಗೆ ಎರಡು ಬಾಗಿಲಿದ್ದ ಕಡೆ ಎರಡು ಷಟರು. ಪಕ್ಕದ ಪಾನಿನ ಡಬ್ಬಿಯವನನ್ನು ಕೇಳಿದೆ, ಇಲ್ಲಿ ಹೋಟೆಲು ಇತ್ತಲ್ಲ, ಯಾವಾಗ ಮುಚ್ಚಿತು? ‘ಪರ್ಸೋಂ ಬಂದ್ ಹುವಾ ಸಾಬ್’ ಎಂದ. ನನಗೆ ಒಂದು ಕ್ಷಣ ಎದೆ ಧಸಕ್ಕೆಂದಿತು, ಎರಡು ದಿನ ಮೊದಲು ಬಂದಿದ್ದರೆ! ಆಮೇಲೆ ನೆನಪಾಯಿತು. ಹೈದರಾಬಾದಿಗಳಿಗೆ ಕಳೆದುಹೋದದ್ದೆಲ್ಲ ಪರ್ಸೋಂ. ಹೋದ ವಾರವೂ ಪರ್ಸೋಂ, ನಿಜಾಮನ ಕಾಲವೂ ಪರ್ಸೋಂ.

ಸ್ವಲ್ಪ ಮುಂದೆ ಇನ್ನೊಂದು ಚಹಾದ ಅಂಗಡಿಗೆ ಹೊಕ್ಕೆವು. ಸ್ಟೀಲಿನ ಮೇಜು, ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಕನ್ನಡಿಯ ಬದಲು ಟಿವಿ. ಚಹಾ ಮಾತ್ರ ಅದೇ ಬಣ್ಣದ್ದು, ಬಸಿಗೆ ಚೆಲ್ಲಿಕೊಂಡೇ ಬಂತು. ಹುಡುಗಿಯ ಉಸ್ಮಾನಿಯಾ ಮೂರು ಎಣಿಸುವಷ್ಟರಲ್ಲಿ ಕಪ್ಪಿನ ತಳ ಸೇರಿತು. ಅವಳು ಅತ್ತಿತ್ತ ನೋಡಿ ಬೆರಳು ಅದ್ದಿದಳು. ನಾನು ಟಿವಿ ನೋಡಿದೆ.

ಎದ್ದು ಗಲ್ಲೆಗೆ ಬಂದಾಗ ನಾನು ಕಿಸೆಗೆ ಕೈ ಹಾಕುವ ಮೊದಲೇ ಅವಳು ಫೋನು ಹಿಡಿದಾಗಿತ್ತು. ಗಲ್ಲೆಯ ಮೇಲೆ ದುಡ್ಡು ಬಂದದ್ದನ್ನು ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯೊಂದಿತ್ತು. ನಮ್ಮ ಮುಂದಿನವನದ್ದನ್ನು ಇಡೀ ಹೋಟೆಲಿಗೆ ಕೇಳುವಂತೆ ಕೂಗಿತ್ತು. ಟೋಪಿ, ಚಷ್ಮಾ ಎನ್ನದಿದ್ದರೂ ಗಂಟಲು ಪರವಾಗಿಲ್ಲ. ನಮ್ಮ ಸರದಿಗೆ ಅದು ಕೂಗಲಿಲ್ಲ. ಹುಡುಗಿ ಫೋನು ತೋರಿಸಿ, ಹೋಗಿದೆ ಎಂದಳು. ಗಲ್ಲೆಯ ಹುಡುಗ ಪೆಟ್ಟಿಗೆಯನ್ನು ಒಮ್ಮೆ ತಟ್ಟಿ, ‘ಜಾವ್ ಸಾಬ್, ಆಜಾತಾ’ ಎಂದು ಕೈ ಬೀಸಿದ.

‘ನಡೀರಿ ಕಾಕಾ, ನೆಟ್‌ವರ್ಕ್ ಇಲ್ಲ, ಆಮ್ಯಾಲ ಬರ್ತದ ಅದಕ್ಕ’ ಎಂದು ಹುಡುಗಿ ತೋಳು ಹಿಡಿದಳು. ಹಿಂದೆ ನಿಂತವರು ಜರುಗಿರೆಂದರು. ನಾನು ಒಂದು ಪಕ್ಕಕ್ಕೆ ಜರುಗಿ, ಗಲ್ಲೆಯ ಅಂಚು ಹಿಡಿದುಕೊಂಡು, ಆ ಪೆಟ್ಟಿಗೆ ಕೂಗುವ ತನಕ ಅಲ್ಲೇ ನಿಂತೆ.